ಮಧ್ಯಂತರ ಚುನಾವಣೆ: ಅಮೆರಿಕದ್ದು ಬೇರೆ, ನಮ್ಮದು ಬೇರೆ

2022ರ ನವೆಂಬರ್. ಹತ್ತನೇ ತರಗತಿಯ ಹುಡುಗಿಯೊಬ್ಬಳು ಪೇಪರ್ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದಳು. ‘ಅಮೆರಿಕ ಮಧ್ಯಂತರ ಚುನಾವಣೆ’ ಎಂಬ ತಲೆಬರಹದ ಮೇಲೆ ಬೆರಳಿಟ್ಟು, “ಸರ್, ಬೈಡನ್ ಸರ್ಕಾರ ಬಿದ್ದೋಯ್ತಾ?” ಅಂತ ಕೇಳಿದಳು.

ತಪ್ಪು ಅವಳದಲ್ಲ. ಈ ಪದವನ್ನು ನಾವು ಬಳಸಿಕೊಂಡು ಬಂದಿರುವುದೇ ಹಾಗೆ. ನಮ್ಮಲ್ಲಿ ಮಧ್ಯಂತರ ಚುನಾವಣೆ ಅಂದರೆ ಅವಧಿ ಮುಗಿಯುವ ಮೊದಲೇ ಬಂದ ಚುನಾವಣೆ. ಬಹುಮತ ಹೋಗಿ ಸದನ ವಿಸರ್ಜನೆ ಆಗಿರಬಹುದು. ಅಥವಾ ಅಧಿಕಾರದಲ್ಲಿದ್ದವರೇ ಜನರ ಮುಂದೆ ಹೋಗೋಣ ಅಂತ ತೀರ್ಮಾನಿಸಿರಬಹುದು. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆ ಉದಾಹರಣೆ ಇದೆ. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಅವರ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕೇ. ಜನ ನಮ್ಮ ಜೊತೆ ಇದ್ದಾರೋ ಇಲ್ಲವೋ ಕೇಳೋಣ ಅಂತ ಹೆಗಡೆ ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜನೆ ಮಾಡಿಸಿದರು. 1985ರ ಮಾರ್ಚ್‌ನಲ್ಲಿ ಚುನಾವಣೆ ನಡೆದು, ಜನತಾ ಪಕ್ಷ 224ರಲ್ಲಿ 139 ಗೆದ್ದಿತು. ಐದು ವರ್ಷದ ಸದನ ಎರಡೇ ವರ್ಷಕ್ಕೆ ಮುಗಿದಿತ್ತು.

(ಮಕ್ಕಳು ಇದರ ಜೊತೆ ಉಪಚುನಾವಣೆಯನ್ನೂ ಕಲಸಿಬಿಡುತ್ತಾರೆ. ಅದು ತೆರವಾದ ಒಂದು ಸ್ಥಾನಕ್ಕೆ ಮಾತ್ರ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದದ್ದು ಉಪಚುನಾವಣೆಯಲ್ಲಿ.)

ಈಗ ಅಮೆರಿಕಕ್ಕೆ ಬರೋಣ. ಅಲ್ಲಿ ಯಾವ ಸರ್ಕಾರವೂ ಬಿದ್ದಿರುವುದಿಲ್ಲ. ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಅದರ ನಟ್ಟನಡುವೆ, ಎರಡು ವರ್ಷ ಆದಮೇಲೆ ಬರುವ ಚುನಾವಣೆಗೆ ಮಿಡ್‌ಟರ್ಮ್ ಅನ್ನುತ್ತಾರೆ, ಅಷ್ಟೇ. ಅದು ಬಂದೇ ಬರುತ್ತದೆ. ಬೇಡ ಅನ್ನುವ ಅಧಿಕಾರ ಅಧ್ಯಕ್ಷರಿಗಿಲ್ಲ. ಅವರ ಸಂಸತ್ತನ್ನು ವಿಸರ್ಜಿಸುವ ಅಧಿಕಾರವೂ ಇಲ್ಲ. ಅಂತರ್ಯುದ್ಧ ನಡೆಯುತ್ತಿದ್ದ 1862ರಲ್ಲೂ ಲಿಂಕನ್ ಮಧ್ಯಂತರ ಚುನಾವಣೆ ಎದುರಿಸಬೇಕಾಯಿತು.

ನಾನು ಬೋರ್ಡ್ ಮೇಲೆ ಒಂದು ಗೆರೆ ಎಳೆದೆ. 2020, 2022, 2024, 2026 ಅಂತ ಬರೆದೆ. 2020 ಮತ್ತು 2024ರ ಮೇಲೆ ಒಂದೊಂದು ಕುರ್ಚಿ ಬಿಡಿಸಿದೆ. 2022 ಮತ್ತು 2026ರ ಮೇಲೆ ಕುರ್ಚಿ ಇಲ್ಲ. ಆ ವರ್ಷ ಅಧ್ಯಕ್ಷರ ಹೆಸರು ಮತಪತ್ರದಲ್ಲೇ ಇರುವುದಿಲ್ಲ.

ಹಾಗಾದರೆ ಮತ ಯಾರಿಗೆ? ಅವರ ಸಂಸತ್ತಿನ ಹೆಸರು ಕಾಂಗ್ರೆಸ್. ಇದನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮಕ್ಕಳು ನಮ್ಮ ಕಾಂಗ್ರೆಸ್ ಪಕ್ಷ ಅಂದುಕೊಳ್ಳುತ್ತಾರೆ. ಅದರ ಕೆಳಮನೆಯಲ್ಲಿ 435 ಸ್ಥಾನ, ಅವಧಿ ಬರೀ ಎರಡು ವರ್ಷ. ಆದ್ದರಿಂದ ಪ್ರತಿ ಸಲವೂ ಅಷ್ಟಕ್ಕೂ ಚುನಾವಣೆ. ಮೇಲ್ಮನೆ ಸೆನೆಟ್‌ನಲ್ಲಿ 100 ಸ್ಥಾನ, ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದು ಭಾಗಕ್ಕೆ ಚುನಾವಣೆ. ನಮ್ಮ ರಾಜ್ಯಸಭೆಯಲ್ಲೂ ಆರು ವರ್ಷ, ಮೂರನೇ ಒಂದು ಲೆಕ್ಕವೇ ಅಲ್ವಾ? ಆದರೆ ಅಲ್ಲಿ ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸುತ್ತಾರೆ. ಇದರ ಜೊತೆಗೆ 36 ರಾಜ್ಯಗಳು ಅದೇ ದಿನ ತಮ್ಮ ಗವರ್ನರ್‌ಗಳನ್ನೂ ಆರಿಸುತ್ತವೆ. ಅವರ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ, ಮುಖ್ಯಮಂತ್ರಿಯ ಹಾಗೆ.

ದಿನದ ಲೆಕ್ಕ ಮಕ್ಕಳಿಗೆ ತುಂಬ ಇಷ್ಟ. ನವೆಂಬರ್‌ನ ಮೊದಲ ಸೋಮವಾರ ಆದಮೇಲಿನ ಮಂಗಳವಾರವೇ ಮತದಾನ. 2022ರ ಕ್ಯಾಲೆಂಡರ್ ತೆಗೆದು ನೋಡಿ ಅಂದೆ. ನವೆಂಬರ್ 1 ಮಂಗಳವಾರ. “ಅವತ್ತೇನಾ ಸರ್?” ಅಲ್ಲ, ಅದಕ್ಕೆ ಮುಂಚೆ ನವೆಂಬರ್‌ನಲ್ಲಿ ಸೋಮವಾರ ಬಂದೇ ಇಲ್ಲ. ಹಾಗಾಗಿ ಮತದಾನ 8ಕ್ಕೆ ಹೋಯಿತು. 2026ರಲ್ಲಿ ಎಷ್ಟಕ್ಕೆ ಬರುತ್ತದೆ ಅಂತ ಕೇಳಿದರೆ ಅವರೇ ಲೆಕ್ಕ ಹಾಕಿ 3 ಅನ್ನುತ್ತಾರೆ.

ಕುರ್ಚಿಗೆ ಚುನಾವಣೆ ಇಲ್ಲ ಅಂದಮೇಲೆ ಅಧ್ಯಕ್ಷರಿಗೆ ಯಾಕೆ ಚಿಂತೆ? ಜನ ಇದನ್ನು ಅವರ ಎರಡು ವರ್ಷದ ಆಡಳಿತಕ್ಕೆ ಕೊಡುವ ಅಂಕ ಅಂತಲೇ ನೋಡುತ್ತಾರೆ. ಸಾಮಾನ್ಯವಾಗಿ ಕೆಳಮನೆಯಲ್ಲಿ ಅಧ್ಯಕ್ಷರ ಪಕ್ಷ ಸ್ಥಾನ ಕಳೆದುಕೊಳ್ಳುತ್ತದೆ. 2010ರಲ್ಲಿ ಒಬಾಮಾ ಅವರ ಡೆಮಾಕ್ರಟಿಕ್ ಪಕ್ಷ 63 ಸ್ಥಾನ ಕಳೆದುಕೊಂಡಿತು. 1998 ಮತ್ತು 2002ರಂತಹ ಅಪವಾದಗಳು ಕಡಿಮೆ. ಅಧ್ಯಕ್ಷೀಯ ಚುನಾವಣೆಗೆ ಬರುವಷ್ಟು ಜನ ಇದಕ್ಕೆ ಬರುವುದಿಲ್ಲ. ಸಿಟ್ಟಿದ್ದವರು ಮಾತ್ರ ತಪ್ಪದೆ ಬರುತ್ತಾರೆ. ಕೆಳಮನೆ ಎದುರು ಪಕ್ಷದ ಕೈಗೆ ಹೋದರೆ ಮಸೂದೆಗಳು ನಿಲ್ಲುತ್ತವೆ, ತನಿಖೆಗಳು ಶುರುವಾಗುತ್ತವೆ. ಟ್ರಂಪ್ ಅಧ್ಯಕ್ಷರಾಗಿದ್ದ 2018ರಲ್ಲಿ ಎದುರು ಪಕ್ಷದ ಡೆಮಾಕ್ರಟರು ಕೆಳಮನೆ ಗೆದ್ದರು. 2019ರ ಡಿಸೆಂಬರ್‌ನಲ್ಲಿ ಆ ಮನೆಯೇ ಟ್ರಂಪ್ ವಿರುದ್ಧ ಮಹಾಭಿಯೋಗ, ಅಂದರೆ ಪದಚ್ಯುತಿಗಾಗಿ ಆರೋಪ ಹೊರಿಸುವ ನಿರ್ಣಯ, ಅಂಗೀಕರಿಸಿತು.

“ಹಾಗಾದ್ರೆ ಸೋತ್ರೂ ರಾಜೀನಾಮೆ ಕೊಡಲ್ವಾ?” ಅಂದಳು ಅದೇ ಹುಡುಗಿ. ಕೊಡಬೇಕಿಲ್ಲ. ನಮ್ಮ ಪ್ರಧಾನಿಗೆ ಲೋಕಸಭೆಯ ಬಹುಮತ ಬೇಕು. ಅಮೆರಿಕದ ಅಧ್ಯಕ್ಷರ ಕುರ್ಚಿ ಸಂಸತ್ತಿನ ಬಹುಮತದ ಮೇಲೆ ನಿಂತಿಲ್ಲ. 2022ರಲ್ಲಿ ಕೆಳಮನೆ 222–213ರಿಂದ ರಿಪಬ್ಲಿಕನ್ನರ ಪಾಲಾಯಿತು. ಬೈಡನ್ ಅಧ್ಯಕ್ಷರಾಗಿಯೇ ಉಳಿದರು.

ಅದೇ ಚುನಾವಣೆಯಲ್ಲಿ ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಭಾಗದಿಂದ ಕೆಳಮನೆಗೆ ಆರಿಸಿ ಬಂದರು. ಈ ಹೆಸರು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು. 2023ರ ಜನವರಿಯಲ್ಲಿ ಅವರು ಪ್ರಮಾಣವಚನ ತೆಗೆದುಕೊಂಡರು. 2024ರ ನವೆಂಬರ್‌ನಲ್ಲಿ ಮತ್ತೆ ಮತ ಕೇಳಲು ಅದೇ ಬೀದಿಗಳಿಗೆ ಹೋಗಬೇಕಾಯಿತು.