ಅಪ್ಪನ ಬೆದರಿಕೆ, ಅಗ್ರಿಮೆಂಟ್ ಮದುವೆ ಮತ್ತು ಒಂದು ಸಹಿ

ನಮ್ಮ ಪ್ರೇಮಕಥೆಗಳಲ್ಲಿ ಹುಡುಗ, ಹುಡುಗಿಯ ಜೊತೆಗೆ ದುಡ್ಡಿಗೂ ಒಂದು ಪಾತ್ರ ಇದ್ದೇ ಇರುತ್ತದೆ. ಹುಡುಗ ಕೋಟ್ಯಧಿಪತಿ, ಹುಡುಗಿ ಬಾಡಿಗೆ ಮನೆಯವಳು. ಇಲ್ಲವೇ ಹುಡುಗಿ ಊರ ಗೌಡರ ಮಗಳು, ಹುಡುಗ ಅವರದೇ ತೋಟದ ಆಳಿನ ಮಗ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವ ನನಗೂ ಈ ಕಥೆಗಳೆಂದರೆ ಇಷ್ಟ. ಆದರೆ ಅವುಗಳಲ್ಲಿ ಬರುವ ಕಾನೂನು ಚಿಂತೆ ಹುಟ್ಟಿಸುತ್ತದೆ. ಆಫೀಸಿಗೆ ಬರುವ ಎಷ್ಟೋ ಜನ ಆಸ್ತಿ, ಮದುವೆ, ಹಕ್ಕು ಅಂತ ತಿಳಿದುಕೊಂಡಿರುವುದು ಅಲ್ಲಿಂದಲೇ. ಹೆದರಬೇಕಿಲ್ಲದ ಮಾತಿಗೆ ಹೆದರಿರುತ್ತಾರೆ. ಹೆದರಬೇಕಾದ ಕಾಗದಕ್ಕೆ ಓದದೆ ಸಹಿ ಹಾಕಿರುತ್ತಾರೆ.

ಎಲ್ಲರಿಗೂ ಗೊತ್ತಿರುವ ದೃಶ್ಯದಿಂದಲೇ ಶುರು ಮಾಡೋಣ. ಮಗಳು ತಾನು ಪ್ರೀತಿಸಿದವನ ಹೆಸರು ಹೇಳುತ್ತಾಳೆ. ಅಪ್ಪ ಕುರ್ಚಿಯಿಂದ ಎದ್ದು, "ಅವನನ್ನ ಮದುವೆ ಆದ್ರೆ ನನ್ನ ಆಸ್ತಿಲಿ ನಿಂಗೆ ನಯಾಪೈಸೆ ಇಲ್ಲ" ಅನ್ನುತ್ತಾನೆ. ಹಿನ್ನೆಲೆ ಸಂಗೀತ ಜೋರಾಗುತ್ತದೆ. ಮಗಳು ಬ್ಯಾಗ್ ಹಿಡಿದು ಹೊರಡುತ್ತಾಳೆ, ಇಲ್ಲವೇ ಪ್ರೀತಿ ಬಿಟ್ಟು ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಅಪ್ಪನ ಮಾತು ಎಷ್ಟರ ಮಟ್ಟಿಗೆ ನಿಜ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಅರ್ಧ ನಿಜ. ಅಪ್ಪ ಸ್ವಂತ ದುಡಿಮೆಯಿಂದ ಕೊಂಡ ಸೈಟು, ಕಟ್ಟಿದ ಮನೆ ಇದ್ದರೆ ಅದನ್ನು ಅವರು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ಬರೆಯದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಆದರೆ ಪಿತ್ರಾರ್ಜಿತ ಆಸ್ತಿಯ ಲೆಕ್ಕವೇ ಬೇರೆ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲಿದೆ. ದೇಶಕ್ಕೆಲ್ಲ ಈ ಹಕ್ಕು ಬಂದದ್ದು 2005ರಲ್ಲಿ. ಕರ್ನಾಟಕದಲ್ಲಿ ಅದಕ್ಕೂ ಮುಂಚೆ, 1994ರಲ್ಲೇ ಈ ಬಗ್ಗೆ ಕಾನೂನು ಬಂದಿತ್ತು. ಆಗ ಅದಾಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಮಾತ್ರ ಹೊರಗಿಟ್ಟಿದ್ದರು. ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಪಡೆಯಲು 2005ರಲ್ಲಿ ಅಪ್ಪ ಬದುಕಿದ್ದಿರಲೇಬೇಕು ಎಂದೇನಿಲ್ಲ ಅಂತ ಸ್ಪಷ್ಟ ಮಾಡಿತು.

ಅಂದರೆ ಪಿತ್ರಾರ್ಜಿತ ಗದ್ದೆ, ತೋಟದ ವಿಷಯದಲ್ಲಿ ಅಪ್ಪನ ಗುಡುಗಿಗೆ ಬಲವಿಲ್ಲ. ಅವರು ತಮ್ಮ ಪಾಲನ್ನು ಬೇರೆಯವರಿಗೆ ವಿಲ್ ಬರೆಯಬಹುದು, ಮಗಳ ಪಾಲನ್ನಲ್ಲ. ಬೇರೆ ಜಾತಿಯವನನ್ನು ಮದುವೆಯಾದಳು ಅಂತ ಆ ಪಾಲು ಕರಗುವುದಿಲ್ಲ. ಬೇರೆ ಧರ್ಮದವನನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಕಾನೂನು ಪರಿಗಣಿಸುತ್ತದೆ. ಆಗಲೂ ಅವಳ ಪಾಲು ಕಳೆದುಹೋಗುವುದಿಲ್ಲ. ಇಷ್ಟು ಗೊತ್ತಿದ್ದರೆ ಆ ದೃಶ್ಯದಲ್ಲಿ ಅಪ್ಪ, ಮಗಳು ಇಬ್ಬರೂ ಬೇರೆ ರೀತಿ ಮಾತಾಡುತ್ತಿದ್ದರು, ಅಲ್ವಾ?

ಎರಡನೆಯದು ಅಗ್ರಿಮೆಂಟ್ ಮದುವೆ. ಎಲ್ಲ ಭಾಷೆಯ ಧಾರಾವಾಹಿಗಳಿಗೂ ಇದೆಂದರೆ ಪ್ರೀತಿ. ಶ್ರೀಮಂತ ನಾಯಕನಿಗೆ ಏನೋ ಕಾರಣಕ್ಕೆ ತುರ್ತಾಗಿ ಹೆಂಡತಿ ಬೇಕು. ಹುಡುಗಿಯ ಅಪ್ಪನಿಗೆ ಆಪರೇಷನ್ನಿಗೆ ದುಡ್ಡು ಬೇಕು. ಛಾಪಾ ಕಾಗದದಲ್ಲಿ ಒಪ್ಪಂದ ಆಗುತ್ತದೆ: ಆರು ತಿಂಗಳು ಹೆಂಡತಿಯಾಗಿರಬೇಕು, ಆಮೇಲೆ ಸುಮ್ನೆ ಹೊರಟುಹೋಗಬೇಕು. ಅವಧಿ ಮುಗಿಯುವ ದಿನ ಹತ್ತಿರವಾದಂತೆ ನೋಡುವವರ ಎದೆ ಢವಢವ.

ಆ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ. ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ಅನೂರ್ಜಿತ ಅಂತ 1872ರ ಕರಾರು ಕಾಯ್ದೆ ಹೇಳುತ್ತದೆ. ಶಾಸ್ತ್ರೋಕ್ತವಾಗಿ ಮದುವೆ ನಡೆದರೆ ಅದು ಪೂರ್ತಿ ಮದುವೆ. ಜೇಬಿನಲ್ಲಿರುವ ಕಾಗದ ಅದನ್ನು ಅರ್ಧ ಮದುವೆ ಮಾಡಲಾರದು. ಹಿಂದೂ ವಿವಾಹ ಕಾಯ್ದೆಯಡಿ, ತೀರಾ ಅಪರೂಪದ ಸಂದರ್ಭ ಬಿಟ್ಟರೆ, ಮದುವೆಯಾದ ಒಂದು ವರ್ಷದೊಳಗೆ ವಿಚ್ಛೇದನದ ಅರ್ಜಿಯನ್ನೇ ಹಾಕುವಂತಿಲ್ಲ. ಇಬ್ಬರೂ ಒಪ್ಪಿ ಬಿಡುವುದಾದರೂ ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಹಾಗಾಗಿ ಆರು ತಿಂಗಳಿಗೆ ಸೂಟ್‌ಕೇಸ್ ಹಿಡಿದು ಹೊರಡುವ ನಾಯಕಿ ಆಗಲೂ ಅವನ ಹೆಂಡತಿಯೇ. ಜೀವನಾಂಶ ಕೇಳುವ ಹಕ್ಕು ಅವಳಿಗಿದೆ. ಅವನು ವಿಲ್ ಬರೆಯದೆ ತೀರಿಕೊಂಡರೆ ಅವಳು ವಾರಸುದಾರಳು. ಗೋವಾದಲ್ಲಿ ಮಾತ್ರ ಪೋರ್ಚುಗೀಸರ ಕಾಲದ ಕಾನೂನಿನಿಂದಾಗಿ ಮದುವೆಗೆ ಮುಂಚೆ ಆಸ್ತಿ ಬಗ್ಗೆ ಒಪ್ಪಂದ ಮಾಡಿಕೊಳ್ಳಬಹುದು. ಅಲ್ಲೂ ಅದು ಆಸ್ತಿಗೆ ಸಂಬಂಧಿಸಿದ ಒಪ್ಪಂದ, ಮದುವೆಗೆ ವಾಯಿದೆ ಹಾಕುವಂಥದ್ದಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಸಿರಿವಂತನನ್ನು ಮದುವೆಯಾದ ಕೂಡಲೇ ನಾಯಕಿ ಸಾಮ್ರಾಜ್ಯದ ಒಡತಿಯಾಗಿಬಿಡುತ್ತಾಳೆ. 2019ರಲ್ಲಿ ಶುರುವಾದ ಜೊತೆ ಜೊತೆಯಲಿ ಧಾರಾವಾಹಿ ನೆನಪಿದೆಯಲ್ಲ? ದೊಡ್ಡ ಉದ್ಯಮಿ ಆರ್ಯವರ್ಧನ್, ಮಧ್ಯಮ ವರ್ಗದ ಮನೆಯ ಅನು ಸಿರಿಮನೆ. ವಯಸ್ಸಿನ ಅಂತರದ ಬಗ್ಗೆ ಮನೆ ಮನೆಯಲ್ಲೂ ಚರ್ಚೆ ನಡೆಯಿತು. ನನ್ನ ಕಣ್ಣಿಗೆ ಬಿದ್ದದ್ದು ದುಡ್ಡಿನ ಅಂತರ. ನಮ್ಮಲ್ಲಿ ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಬರುವುದಿಲ್ಲ. ಅವನ ಹೆಸರಲ್ಲಿರುವುದು ಅವನದೇ. ಕಂಪನಿಯ ಆಸ್ತಿ ಕಂಪನಿಯದು, ಅದು ಅವನದೂ ಅಲ್ಲ. ಹತ್ತು ವರ್ಷ ಸಂಸಾರ ಮಾಡಿ, ತನ್ನ ಸಂಬಳವನ್ನೆಲ್ಲ ಗಂಡನ ಹೆಸರಿನ ಮನೆಯ ಸಾಲಕ್ಕೆ ಕಟ್ಟಿ, ಕೊನೆಗೆ "ಮನೆ ನಂದಲ್ವಾ ಮೇಡಂ?" ಅಂತ ಕೇಳುವವರಿಗೆ ಉತ್ತರ ಹೇಳುವುದು ನನಗೆ ಬಹಳ ಕಷ್ಟ. ಕಂತು ಕಟ್ಟಿದ ಬ್ಯಾಂಕ್ ದಾಖಲೆ ಹುಡುಕಿ, ವರ್ಷಗಟ್ಟಲೆ ಹೋರಾಡಬೇಕು. ಕ್ರಯಪತ್ರದಲ್ಲಿ ಮೊದಲೇ ಇಬ್ಬರ ಹೆಸರೂ ಇದ್ದಿದ್ದರೆ ಅದೆಲ್ಲ ಬೇಕಿರಲಿಲ್ಲ. ಹೆಸರು ಸೇರಿಸಿ ಅಂತ ಕೇಳಿದರೆ ಪ್ರೀತಿ ಕಡಿಮೆಯಾಗುತ್ತದೆ ಅನ್ನುವ ಭಾವನೆಯನ್ನು ನಮ್ಮ ಪ್ರೇಮಕಥೆಗಳು ಬೆಳೆಸಿವೆ. ದುಡ್ಡಿನ ಮಾತೆತ್ತುವ ಹೆಣ್ಣು ಅಲ್ಲಿ ಸಾಮಾನ್ಯವಾಗಿ ಖಳನಾಯಕಿ. ಇದು ನನಗೆ ನಿಜಕ್ಕೂ ನೋವು ತರುವ ವಿಷಯ.

ವಿಲ್ ಹರಿದು ಬೆಂಕಿಗೆ ಹಾಕುವ ದೃಶ್ಯಕ್ಕೆ ಜಾಸ್ತಿ ಮಾತು ಬೇಡ. ವಿಲ್ ನೋಂದಣಿಯಾಗಿದ್ದರೆ ಅದರ ಪ್ರತಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿರುತ್ತದೆ. ಬರೆದವರು ತಾವೇ ಹರಿದರೆ ಅಥವಾ ತಮ್ಮೆದುರು ಹರಿಸಿದರೆ ಅದು ರದ್ದಾಗಬಹುದು. ಚಿಕ್ಕತ್ತೆ ಕದ್ದು ಹರಿದರೆ ಆಗುವುದಿಲ್ಲ. ಮಧ್ಯರಾತ್ರಿ ಮಳೆಯಲ್ಲಿ ಸೊಸೆಯನ್ನು ಹೊರಗೆ ಹಾಕುವ ದೃಶ್ಯವೂ ಅಷ್ಟೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಳಿಗೆ ಆ ಮನೆಯಲ್ಲಿ ವಾಸದ ಹಕ್ಕಿದೆ. ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಅದು ಅವಳು ಸಂಸಾರ ಮಾಡಿದ ಮನೆಯಾಗಿರಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತವರಿನಿಂದ ತಂದ ಒಡವೆಯಂತೂ ಸ್ತ್ರೀಧನ. ಅತ್ತೆಯ ಬೀರುವಿನಲ್ಲಿದ್ದರೂ ಅದು ಅವಳದೇ.

ಪ್ರೀತಿ, ದುಡ್ಡು, ಅಧಿಕಾರ ಮೂರನ್ನೂ ಸರಿಯಾಗಿ ಹಿಡಿದ ಚಿತ್ರ ಅಂತ ನಾನು ಹೇಳುವುದು 2023ರ ಸಪ್ತ ಸಾಗರದಾಚೆ ಎಲ್ಲೋ. ಶ್ರೀಮಂತರ ಮನೆಯ ಕಾರ್ ಡ್ರೈವರ್ ಮನು, ಹಾಡುವ ಹುಡುಗಿ ಪ್ರಿಯಾ. ಅವರಿಗೆ ಬೇಕಿದ್ದುದು ಒಂದು ಮನೆ. ಆ ದುಡ್ಡಿಗಾಗಿ ಮನು ಬೇರೆಯವರು ಮಾಡಿದ ಅಪಘಾತವನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಹೊರಗೆ ತರುತ್ತೇವೆ ಅಂದವರ ಮಾತು ಉಳಿಯುವುದಿಲ್ಲ. ಇಲ್ಲಿ ಕಾನೂನು ಇರುವಂತೆಯೇ ಇದೆ. ಅಂಥ ಮಾತು ಮುರಿದರೆ ದಾವೆ ಹಾಕಲು ಆಗುವುದಿಲ್ಲ, ಯಾಕಂದ್ರೆ ಒಪ್ಪಂದವೇ ಕಾನೂನುಬಾಹಿರ. ನಿಜವಾದ ಅಪರಾಧಿಯನ್ನು ಮರೆಮಾಚಲು ಹಣ ಪಡೆಯುವುದು ಇನ್ನೊಂದು ಅಪರಾಧ. ದುಡ್ಡಿದ್ದವರಿಗೆ ಮಾತು ತಪ್ಪಿದರೆ ನಷ್ಟವಿಲ್ಲ, ದುಡ್ಡಿಲ್ಲದವನಿಗೆ ಎಲ್ಲವೂ ನಷ್ಟ. ಖಳನಾಯಕನ ಅಬ್ಬರಕ್ಕಿಂತ ಇದು ಅಧಿಕಾರದ ನಿಜವಾದ ರೂಪ.

ಇಷ್ಟೆಲ್ಲ ಕಥೆಗಳ ಮಧ್ಯೆ ನಾನು ತೆರೆಯ ಮೇಲೆ ಹುಡುಕುತ್ತಿರುವ ದೃಶ್ಯ ಇನ್ನೊಂದಿದೆ. ಆಫೀಸಿನಲ್ಲಿ ಅದನ್ನು ಪದೇ ಪದೇ ಕೇಳುತ್ತೇನೆ. ಮಗಳು ಹಟ ಹಿಡಿದಿದ್ದಾಳೆ. ಅಪ್ಪ ಕೂಗಾಡುವುದಿಲ್ಲ. ಅಣ್ಣ ಮೆತ್ತಗೆ ಬಂದು ಕೂತು, "ಆಯ್ತಮ್ಮ, ನಿನ್ನಿಷ್ಟದಂತೆ ಆಗು. ಆಸ್ತಿ ಬೇಡ ಅಂತ ಒಂದು ಸೈನ್ ಹಾಕಿಬಿಡು, ಅಪ್ಪನ ಕೋಪ ಇಳಿಯುತ್ತೆ" ಅನ್ನುತ್ತಾನೆ. ಒಪ್ಪಿಗೆ ಸಿಕ್ಕಿತಲ್ಲ ಅನ್ನುವ ಖುಷಿಯಲ್ಲಿ ಹುಡುಗಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹೆಬ್ಬೆಟ್ಟು, ಫೋಟೋ ಕೊಟ್ಟು ಬರುತ್ತಾಳೆ. ಅದು ಹಕ್ಕು ಬಿಡುಗಡೆ ಪತ್ರ. ಅಪ್ಪನ ಬೆದರಿಕೆಯಿಂದ ಹೋಗದ ಪಾಲು ಈ ಸಹಿಯಿಂದ ಹೋಗುತ್ತದೆ.

ನೋಂದಣಿಯಾಗದ, ಬರೀ ನೋಟರಿ ಮಾಡಿಸಿದ ಕಾಗದವಾದರೆ ಅದರಿಂದ ಸ್ಥಿರಾಸ್ತಿಯ ಹಕ್ಕು ಹೋಗುವುದಿಲ್ಲ. ನೋಂದಣಿಯಾಗಿದ್ದರೆ ಒತ್ತಡ ಹಾಕಿದ್ದರು, ಮೋಸ ಮಾಡಿದ್ದರು ಅಂತ ಅದನ್ನು ರದ್ದು ಮಾಡಿಸಲು ದಾವೆ ಹೂಡಬಹುದು. ಆದರೆ ವಿಷಯ ತಿಳಿದ ಮೂರು ವರ್ಷದೊಳಗೆ ಹೂಡಬೇಕು, ಸಾಕ್ಷ್ಯ ಬೇಕು. ಮಗು ಶಾಲೆಗೆ ಹೋಗುವ ಹೊತ್ತಿಗೆ ಬರುವವರಿಗೆ ಆ ಗಡುವು ಮುಗಿದಿರುತ್ತದೆ. ಹಾಗಾಗಿ ಯಾರೇ ಸೈನ್ ಹಾಕು ಅಂದರೂ ಮೊದಲು ಕರಡನ್ನು ಮನೆಗೆ ತಂದು ಓದಿ. ಪಹಣಿ, ಋಣಭಾರ ಪತ್ರ ತೆಗೆಸಿ ಆಸ್ತಿ ಯಾರ ಕಾಲದ್ದು ಅಂತ ನೋಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ಸಲಹೆ ಉಚಿತ. ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಮದುವೆಯ ತಾರೀಖು ಒಂದು ವಾರ ಮುಂದೆ ಹೋದರೂ ಪರವಾಗಿಲ್ಲ, ಸಹಿಗೆ ಮುಂಚೆ ಅಲ್ಲಿಗೆ ಹೋಗಿ ಬನ್ನಿ.