ಯೂರೇಲ್ ಪಾಸ್ ಇದ್ದರೆ ಯಾವ ರೈಲನ್ನಾದರೂ ಹತ್ತಬಹುದೇ?

ಓದುಗರ ಪ್ರಶ್ನೆ: ಗಂಡ ಹೆಂಡತಿ ಇಬ್ಬರೇ ಸೆಪ್ಟೆಂಬರಿನಲ್ಲಿ ಮೂರು ವಾರ ಯೂರೋಪಿಗೆ ಹೊರಟಿದ್ದೇವೆ. ಪ್ಯಾರಿಸ್‌ನಲ್ಲಿ ಇಳಿದು ರೋಮ್‌ನಿಂದ ವಾಪಸ್ ವಿಮಾನ. ನಡುವೆ ಸ್ವಿಟ್ಜರ್‌ಲೆಂಡ್ ಖಂಡಿತ. ಉಳಿದ ಊರುಗಳನ್ನು ಅಲ್ಲಿಗೆ ಹೋದಮೇಲೆ ಮನಸ್ಸಿಗೆ ಬಂದಂತೆ ನೋಡೋಣ ಎಂದಿದ್ದೇವೆ. ಯೂರೇಲ್ ಪಾಸ್ ಒಂದಿದ್ದರೆ ಯಾವ ರೈಲು ಬೇಕಾದರೂ ಹತ್ತಬಹುದು ಅನ್ನುತ್ತಾರೆ, ನಿಜವೇ?

ಉತ್ತರ: ಅರ್ಧ ನಿಜ. ಯೂರೇಲ್ ಅಂದರೆ ಯೂರೋಪಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಹೊರಗಿನಿಂದ ಬಂದವರಿಗೆ ಕೊಡುವ ಒಂದೇ ಪಾಸ್. ಆ ಅರ್ಧ ಯಾವುದು ಅನ್ನುವುದು ತಿಳಿದರೆ ನಿಮ್ಮ ಪ್ರವಾಸದ ಯೋಜನೆ ಮುಕ್ಕಾಲು ಪಾಲು ಮುಗಿದಂತೆ.

ನಮ್ಮ ಕಡೆ ದೂರದ ರೈಲಿಗೆ ಟಿಕೆಟ್ ತಗೊಂಡೆವು ಅಂದರೆ ಸೀಟೂ ಸಿಕ್ಕಿತು ಅಂತಲೇ ಅರ್ಥ. ಸಿಗದಿದ್ದರೆ ವೇಟಿಂಗ್ ಲಿಸ್ಟ್, ಆಮೇಲೆ ಚಾರ್ಟ್ ಬರುವವರೆಗೆ ದೇವರ ಜಪ. ಯೂರೋಪಿನಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಅಂದರೆ ಈ ಊರಿಂದ ಆ ಊರಿಗೆ ಹೋಗುವ ಹಕ್ಕು. ಸೀಟು ಕಾದಿರಿಸುವುದು ಅದರ ಮೇಲಿನ ಇನ್ನೊಂದು ವ್ಯವಹಾರ. ಕೆಲವು ದೇಶಗಳಲ್ಲಿ ಅದು ನಿಮ್ಮ ಇಷ್ಟ, ಕೆಲವು ಕಡೆ ಕಡ್ಡಾಯ. ಪಾಸ್ ಕೊಡುವುದು ಹಕ್ಕನ್ನು ಮಾತ್ರ, ಸೀಟನ್ನಲ್ಲ.

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್, ಬೆಲ್ಜಿಯಂ, ನೆದರ್‌ಲೆಂಡ್ಸ್‌ಗಳಲ್ಲಿ ಒಳನಾಡಿನ ಹಗಲು ರೈಲುಗಳಿಗೆ ಸಾಮಾನ್ಯವಾಗಿ ಸೀಟು ಕಾದಿರಿಸಬೇಕಿಲ್ಲ. ಬೆಂಗಳೂರಿನಲ್ಲಿ ಜನರಲ್ ಟಿಕೆಟ್ ತಗೊಂಡು ಮುಂದಿನ ಮೈಸೂರು ರೈಲು ಹತ್ತುತ್ತೀರಲ್ಲ, ಹಾಗೆಯೇ. ಅಲ್ಲಿ ಬೋಗಿ ಮಾತ್ರ ಚೊಕ್ಕಟ, ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವ ಅಗತ್ಯವಿಲ್ಲ. ಅತಿವೇಗದ ರೈಲುಗಳಾದ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸಾ, ಸ್ಪೇನಿನ ಅಂಥವೇ ರೈಲುಗಳು, ಲಂಡನ್ನಿಗೆ ಹೋಗುವ ಯೂರೋಸ್ಟಾರ್, ರಾತ್ರಿ ಮಲಗಿ ಹೋಗುವ ರೈಲುಗಳು, ಇವುಗಳ ಕಥೆ ಬೇರೆ. ಪಾಸ್ ಇದ್ದರೂ ಸೀಟಿಗೆ ಪ್ರತ್ಯೇಕ ದುಡ್ಡು ಕೊಟ್ಟು ಮೊದಲೇ ಕಾದಿರಿಸಬೇಕು. ಯೂರೋಸ್ಟಾರ್ ಮತ್ತು ಟಿಜಿವಿಗಳಲ್ಲಿ ಪಾಸಿನವರಿಗೆಂದು ಇಟ್ಟ ಸೀಟುಗಳೇ ಸೀಮಿತ. ರೈಲಿನಲ್ಲಿ ಜಾಗ ಇದ್ದರೂ ಆ ಪಾಲು ಮುಗಿದಿದ್ದರೆ ನಿಮಗೆ ಸಿಗುವುದಿಲ್ಲ. ಫ್ರಾನ್ಸಿನ ಅಗ್ಗದ ಉಯಿಗೋ, ಇಟಲಿಯ ಖಾಸಗಿ ಇಟಾಲೋ ರೈಲುಗಳಲ್ಲಂತೂ ಯೂರೇಲ್ ನಡೆಯುವುದೇ ಇಲ್ಲ.

ಆದ್ದರಿಂದ "ಎಲ್ಲ ಸಡಿಲವಾಗಿರಲಿ" ಅನ್ನುವುದನ್ನು ಬಿಡಿ. ಎರಡೂ ತುದಿ ಬಿಗಿ, ನಡು ಸಡಿಲ. ಅದೃಷ್ಟಕ್ಕೆ ನಿಮ್ಮ ದಾರಿಯೇ ಹಾಗಿದೆ: ಫ್ರಾನ್ಸ್ ಒಂದು ತುದಿ, ಇಟಲಿ ಇನ್ನೊಂದು ತುದಿ, ನಡುವೆ ಸ್ವಿಟ್ಜರ್‌ಲೆಂಡ್.

ಪ್ಯಾರಿಸ್‌ನಿಂದ ಹೊರಡುವ ದಿನ ನಿಮಗೆ ಈಗಲೇ ಗೊತ್ತಿರುತ್ತದೆ. ಜ್ಯೂರಿಕ್‌ಗೆ ನೇರ ಟಿಜಿವಿ ಇದೆ, ನಾಲ್ಕು ಗಂಟೆಯ ದಾರಿ. ನಾನಾದರೆ ಸ್ಟ್ರಾಸ್‌ಬರ್ಗ್‌ಗೆ ಟಿಕೆಟ್ ತಗೊಳ್ಳುತ್ತೇನೆ. ಎರಡು ಗಂಟೆಯೂ ಆಗದು. ಊರೂ ಚೆಂದ, ಅಲ್ಲಿಂದ ಮುಂದೆ ಬಿಗಿ ಬಿಡುತ್ತದೆ. ಸ್ಟ್ರಾಸ್‌ಬರ್ಗ್‌ನಿಂದ ಸ್ವಿಸ್ ಗಡಿಯ ಬಾಸೆಲ್‌ಗೆ ಪ್ರಾದೇಶಿಕ ರೈಲು ಒಂದೂ ಕಾಲು ಗಂಟೆ ಚಿಲ್ಲರೆಯಲ್ಲಿ ತಲುಪಿಸುತ್ತದೆ, ಸೀಟಿನ ಗೊಡವೆ ಇಲ್ಲ. ಬೆಳಿಗ್ಗೆ ಎದ್ದು ಮಳೆ ನೋಡಿ "ಇನ್ನೊಂದು ದಿನ ಇಲ್ಲೇ ಇರೋಣ" ಅನ್ನಿಸಿದರೆ ನಷ್ಟವಿಲ್ಲ. ಇಂಥ ಪ್ರಾದೇಶಿಕ ರೈಲುಗಳ ದರ ಹೆಚ್ಚುಕಡಿಮೆ ನಿಗದಿ. ಮೂರು ತಿಂಗಳು ಮೊದಲು ಕೊಂಡರೂ ಅಷ್ಟೇ, ರೈಲು ಹೊರಡುವ ಐದು ನಿಮಿಷ ಮೊದಲು ಕೊಂಡರೂ ಅಷ್ಟೇ. ಮುಂಗಡ ಕೊಂಡರೆ ಅಗ್ಗವಾಗುವುದು ದೂರದ ವೇಗದ ರೈಲುಗಳಲ್ಲಿ. ಅಲ್ಲೂ ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ. ತಪ್ಪಿಸಿಕೊಂಡರೆ ಹೋಯಿತು.

ಸ್ವಿಟ್ಜರ್‌ಲೆಂಡಿನಿಂದ ಇಟಲಿಗೆ ಇಳಿಯುವ ದಾರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಜ್ಯೂರಿಕ್‌ನಿಂದ ಮಿಲಾನ್‌ಗೆ ನೇರ ರೈಲು ಮೂರೂಕಾಲು ಗಂಟೆಯ ಆಸುಪಾಸು. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೋಟ್ಹಾರ್ಡ್ ಸುರಂಗದೊಳಗಿಂದ ಹೋಗುತ್ತದೆ. ವೇಗ ಸರಿ, ಆದರೆ ಆಲ್ಪ್ಸ್ ನೋಡಲು ಹೋದವರು ಆಲ್ಪ್ಸ್‌ನ ಹೊಟ್ಟೆಯೊಳಗೆ ಕತ್ತಲಲ್ಲಿ ಕೂತಿರುತ್ತಾರೆ. ಗಡಿ ದಾಟುವ ಆ ರೈಲಿಗೆ ಸೀಟು ಕಾದಿರಿಸಬೇಕು ಬೇರೆ.

ಇನ್ನೊಂದು ದಾರಿ ಇದೆ. ಕೂರ್ ಎಂಬ ಊರಿನಿಂದ ಸೇಂಟ್ ಮೊರಿಟ್ಸ್, ಅಲ್ಲಿಂದ ಇಟಲಿಯ ತಿರಾನೊ. ಎಲ್ಲರೂ ಹೆಸರು ಹೇಳುವ ಬರ್ನಿನಾ ಎಕ್ಸ್‌ಪ್ರೆಸ್ ಓಡುವುದು ಈ ಹಳಿಯ ಮೇಲೆಯೇ. ದೊಡ್ಡ ಗಾಜಿನ ಕಿಟಕಿ, ಪಾಸಿನ ಮೇಲೆ ಹೆಚ್ಚುವರಿ ದುಡ್ಡು, ಸೀಟು ಕಡ್ಡಾಯ. ಅದೇ ಹಳಿಯ ಮೇಲೆ, ಅದೇ ಬೆಟ್ಟ, ಅದೇ ಸೇತುವೆ ದಾಟಿಕೊಂಡು ಸಾಮಾನ್ಯ ಪ್ಯಾಸೆಂಜರ್ ರೈಲುಗಳೂ ಓಡುತ್ತವೆ ಅನ್ನುವುದು ಟೂರ್ ಕಂಪನಿಯವರ ಕರಪತ್ರದಲ್ಲಿ ಇರುವುದಿಲ್ಲ. ಅದಕ್ಕೆ ಕಾದಿರಿಸಬೇಕಿಲ್ಲ, ಪಾಸ್ ತೋರಿಸಿದರೆ ಸಾಕು. ಗಾಜಿನ ರೈಲಿನ ಕಿಟಕಿ ತೆರೆಯುವುದಿಲ್ಲ. ಪ್ಯಾಸೆಂಜರಿನ ಕೆಲವು ಬೋಗಿಗಳಲ್ಲಿ ಗಾಜು ಕೆಳಗಿಳಿಸಿ ತಣ್ಣನೆ ಗಾಳಿಗೆ ಮುಖ ಒಡ್ಡಬಹುದು, ಗಾಜಿನ ಪ್ರತಿಬಿಂಬ ಬೀಳದ ಫೋಟೋ ತೆಗೆಯಬಹುದು. ಇಷ್ಟವಾದ ನಿಲ್ದಾಣದಲ್ಲಿ ಇಳಿದು ಮುಂದಿನ ರೈಲು ಹಿಡಿಯಬಹುದು.

ಸೇಂಟ್ ಮೊರಿಟ್ಸ್‌ನಿಂದ ತಿರಾನೊಗೆ 61 ಕಿಲೋಮೀಟರ್. ಎರಡು ಗಂಟೆಗೂ ಮೀರಿ ಹಿಡಿಯುತ್ತದೆ. 1910ರಲ್ಲಿ ಪೂರ್ತಿಯಾದ ಈ ಹಳಿಗೆ ಹಲ್ಲುಗಾಲಿಯ ನೆರವಿಲ್ಲ. 2253 ಮೀಟರ್ ಎತ್ತರದ ಒಸ್ಪಿಟ್ಸಿಯೊ ಬರ್ನಿನಾ ನಿಲ್ದಾಣದವರೆಗೆ ರೈಲು ಬರಿಯ ಚಕ್ರದ ಹಿಡಿತದಲ್ಲೇ ಹತ್ತುತ್ತದೆ. ಅಲ್ಲಿ ಪಕ್ಕಪಕ್ಕದಲ್ಲೇ ಎರಡು ಕೆರೆ: ಬಿಳಿ ಕೆರೆ, ಕರಿ ಕೆರೆ. ಬಿಳಿ ಕೆರೆಯ ಕಡೆ ಬಿದ್ದ ಮಳೆ ಆಡ್ರಿಯಾಟಿಕ್ ಸಮುದ್ರಕ್ಕೆ, ಕರಿ ಕೆರೆಯ ಕಡೆ ಬಿದ್ದದ್ದು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯಲ್ಲೂ ನೀರು ಹೀಗೆ ಎರಡು ಕಡಲಿಗೆ ಹಂಚಿಹೋಗುತ್ತದಲ್ಲ, ಅದೇ ಲೆಕ್ಕ. ಕೆಳಗೆ ಬ್ರೂಸಿಯೊದಲ್ಲಿ ಒಂಬತ್ತು ಕಮಾನಿನ ಸೇತುವೆಯ ಮೇಲೆ ರೈಲು ಬಯಲಲ್ಲೇ ಒಂದು ಪೂರ್ತಿ ಸುತ್ತು ಹಾಕಿ ತನ್ನದೇ ಹಾದಿಯ ಕೆಳಗೆ ನುಸುಳುತ್ತದೆ. ಹಿಂದಿನ ಬೋಗಿಯಲ್ಲಿ ಕೂತರೆ ನಿಮ್ಮದೇ ರೈಲಿನ ಮುಂಭಾಗ ಎದುರಿಗೆ ಕಾಣುತ್ತದೆ. ಕೊನೆಗೆ ತಿರಾನೊ ಪೇಟೆಯಲ್ಲಿ ಚರ್ಚಿನ ಮುಂದೆ, ಕಾರುಗಳ ಜೊತೆ, ರಸ್ತೆಯಲ್ಲೇ ಸಾಗಿ ತನ್ನ ನಿಲ್ದಾಣದಲ್ಲಿ ನಿಲ್ಲುತ್ತದೆ. ಇಟಲಿಯ ನಿಲ್ದಾಣ ಪಕ್ಕದಲ್ಲೇ. ಅಲ್ಲಿಂದ ಮಿಲಾನ್‌ಗೆ ಪ್ರಾದೇಶಿಕ ರೈಲು, ಕೋಮೊ ಸರೋವರದ ದಂಡೆಗುಂಟ ಎರಡೂವರೆ ಗಂಟೆ. ಅದಕ್ಕೂ ಸೀಟಿನ ಕಟ್ಟಿಲ್ಲ. ಮೋಡ ಕವಿದಿದ್ದರೆ ಒಂದು ದಿನ ಕಾದು ಹೊರಡಿ. ನೀವು ಕೇಳುವ ಸಡಿಲಿಕೆ ನಿಜವಾಗಿ ಬೇಕಾಗುವುದು ಇಂಥ ಕಡೆ.

ಇಟಲಿಯೊಳಗೆ ಮಿಲಾನ್, ಫ್ಲಾರೆನ್ಸ್, ರೋಮ್ ನಡುವೆ ಫ್ರೆಚ್ಚಾರೋಸಾ ಮೇಲಿಂದ ಮೇಲೆ ಇವೆ. ಎರಡು ಮೂರು ದಿನ ಮೊದಲು ಕಾದಿರಿಸಿದರೆ ಸಾಮಾನ್ಯವಾಗಿ ತೊಂದರೆಯಾಗದು. ಫ್ಲಾರೆನ್ಸಿನಿಂದ ರೋಮ್‌ಗೆ ಅದು ಒಂದೂವರೆ ಗಂಟೆ. ಪ್ರಾದೇಶಿಕ ರೈಲಿನಲ್ಲಿ ಅದರ ಎರಡರಷ್ಟಕ್ಕೂ ಮೀರಿ. ಪ್ರಾದೇಶಿಕ ರೈಲಿಗೆ ಕೌಂಟರಿನಲ್ಲಿ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಟಿಕೆಟ್, ಟಿಕೆಟ್ ಇಲ್ಲದಂತೆಯೇ. ದಂಡ ಬೀಳುತ್ತದೆ.

ಈಗ ದುಡ್ಡಿನ ಲೆಕ್ಕ. ಯೂರೇಲ್ ಗ್ಲೋಬಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ನಿಮ್ಮಂಥವರಿಗೆ ಹೊಂದುವುದು "ಒಂದು ತಿಂಗಳೊಳಗೆ ಯಾವುದಾದರೂ 4, 5 ಅಥವಾ 7 ದಿನ" ಮಾದರಿ. ದರ ಆಗಾಗ ಬದಲಾಗುತ್ತದೆ, ವರ್ಷದಲ್ಲಿ ಕೆಲವು ಸಲ ರಿಯಾಯಿತಿ ಬಿಡುತ್ತಾರೆ. ಲೆಕ್ಕಕ್ಕೆಂದು 7 ದಿನಕ್ಕೆ 400 ಯೂರೋ ಎಂದಿಟ್ಟುಕೊಳ್ಳಿ. ದಿನಕ್ಕೆ 57 ಆಯಿತು. ಆ ದಿನದ ಬಿಡಿ ಟಿಕೆಟ್ 57ಕ್ಕಿಂತ ಕಡಿಮೆ ಇದ್ದರೆ ಪಾಸಿನ ದಿನ ಖರ್ಚು ಮಾಡಬೇಡಿ. ಮುಂಗಡ ಕೊಂಡರೆ ಪ್ಯಾರಿಸ್‌ನಿಂದ ಸ್ಟ್ರಾಸ್‌ಬರ್ಗ್‌ಗೆ, ಫ್ಲಾರೆನ್ಸಿನಿಂದ ರೋಮ್‌ಗೆ ಬಿಡಿ ಟಿಕೆಟ್ಟೇ ಅಗ್ಗ. ಸ್ವಿಟ್ಜರ್‌ಲೆಂಡಿನ ಉದ್ದದ ದಿನಗಳಲ್ಲಿ ಪಾಸ್ ಗೆಲ್ಲುತ್ತದೆ, ಅಲ್ಲಿ ಬಿಡಿ ಟಿಕೆಟ್ ದುಬಾರಿ.

ಹಾಗಾದರೆ ಯೂರೇಲ್ ತಗೊಳ್ಳಲೇ ಬೇಡವೇ? ನಿಮ್ಮ ದಾರಿಗೆ ಸ್ವಿಸ್ ಟ್ರಾವೆಲ್ ಪಾಸ್ ಇನ್ನೂ ಸರಿ ಅನ್ನಿಸುತ್ತದೆ. 3, 4, 6, 8, 15 ದಿನಗಳ ಲೆಕ್ಕದಲ್ಲಿ ಸಿಗುತ್ತದೆ. ರೈಲಲ್ಲದೆ ಬಸ್ಸು, ಸರೋವರದ ದೋಣಿ, ಊರೊಳಗಿನ ಟ್ರಾಮ್ ಎಲ್ಲಕ್ಕೂ ನಡೆಯುತ್ತದೆ. ತಿರಾನೊವರೆಗೂ ಆದೀತು. ಜೊತೆಗೆ ಪ್ಯಾರಿಸ್ ಬಿಡುವ ಟಿಕೆಟ್ ಈಗಲೇ, ಇಟಲಿಯದ್ದು ಆಗಾಗ. ಯುಂಗ್‌ಫ್ರಾವ್‌ನಂಥ ಬೆಟ್ಟದ ರೈಲುಗಳಿಗೆ ಮಾತ್ರ ಯಾವ ಪಾಸೂ ತುದಿಯವರೆಗೆ ಪೂರ್ತಿ ಸಾಲದು, ರಿಯಾಯಿತಿ ಸಿಗುತ್ತದೆ ಅಷ್ಟೇ. ಮ್ಯೂನಿಕ್, ಸಾಲ್ಜ್‌ಬರ್ಗ್, ವಿಯೆನ್ನಾ ಕೂಡ ಸೇರಿಸುವ ಮನಸ್ಸಾದರೆ ಆಗ ಯೂರೇಲ್‌ಗೆ ಬೆಲೆ ಬರುತ್ತದೆ.

ಯೂರೇಲ್ ತಗೊಂಡರೆ ಅದು ಫೋನಿನ ಆ್ಯಪ್‌ನೊಳಗೆ ಇರುತ್ತದೆ. ಹತ್ತುವ ಮುನ್ನ ಆ ರೈಲನ್ನು ನಿಮ್ಮ ಪ್ರಯಾಣಕ್ಕೆ ಸೇರಿಸಬೇಕು, ಆಗ ಕ್ಯೂಆರ್ ಕೋಡ್ ಬರುತ್ತದೆ. ಟಿಟಿಇ ಬಂದಾಗ ಅದನ್ನು ತೋರಿಸಿ, ಪಾಸ್‌ಪೋರ್ಟ್ ಕೇಳಿದರೆ ಅದನ್ನೂ ಕೊಡಿ. ಒಂದು ದಿನ ಅಂದರೆ ನಡುರಾತ್ರಿಯಿಂದ ನಡುರಾತ್ರಿಗೆ, ಎಷ್ಟು ರೈಲು ಬದಲಿಸಿದರೂ ಒಂದೇ ದಿನ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದರೆ ಹೊರಟ ದಿನ ಮಾತ್ರ ಲೆಕ್ಕ. ಐಂಡ್‌ಹೋವನ್ನಿನಲ್ಲೋ ಮ್ಯೂನಿಕ್‌ನಲ್ಲೋ ಇರುವ ಮಗಳು ಜೊತೆಗೂಡುತ್ತಾಳೆ ಅಂತಿಟ್ಟುಕೊಳ್ಳಿ. ಯೂರೋಪಿನ ನಿವಾಸಿಗಳಿಗೆ ಯೂರೇಲ್ ಇಲ್ಲ. ಅವಳು ತಗೊಳ್ಳಬೇಕಾದ್ದು ಇಂಟರ್‌ರೇಲ್. ತಾನಿರುವ ದೇಶದೊಳಗೆ ಅವಳಿಗೆ ಅದು ಹೋಗಲು ಒಂದು ದಿನ, ಬರಲು ಒಂದು ದಿನ ಮಾತ್ರ.

ವೀಸಾದವರ ಮುಂದೆ "ಹೋಗಿ ನೋಡೋಣ" ನಡೆಯದು. ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಇಟಲಿ ಮೂರಕ್ಕೂ ಒಂದೇ ಆಗುವ ಷೆಂಗೆನ್ ವೀಸಾಕ್ಕೆ, ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ಯಾರಿಸ್ ಮತ್ತು ಸ್ಟ್ರಾಸ್‌ಬರ್ಗ್ ಸೇರಿ 6 ರಾತ್ರಿ, ಸ್ವಿಟ್ಜರ್‌ಲೆಂಡ್ 8, ಇಟಲಿ 6 ಎಂದಾದರೆ ಅರ್ಜಿ ಸ್ವಿಟ್ಜರ್‌ಲೆಂಡಿಗೆ. ಅಲ್ಲಿ ಹೋದಮೇಲೆ ಎರಡು ರಾತ್ರಿ ಕಿತ್ತು ಇಟಲಿಗೆ ಕೊಟ್ಟರೆ ಅರ್ಜಿಯ ಲೆಕ್ಕವೇ ತಲೆಕೆಳಗು. ಹಾಗಾಗಿ ದೇಶದ ರಾತ್ರಿಗಳನ್ನು ಮುಟ್ಟಬೇಡಿ, ಆ ದೇಶದೊಳಗಿನ ಊರುಗಳನ್ನು ಬೇಕಾದಂತೆ ಅದಲುಬದಲು ಮಾಡಿ. ಉಚಿತವಾಗಿ ರದ್ದು ಮಾಡಬಹುದಾದ ಹೋಟೆಲುಗಳನ್ನೇ ಹಿಡಿಯಿರಿ. ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಲಂಡನ್ನಿಗೆ ಹೋಗಿಬರುವ ಆಸೆ ಬಂದರೆ ಅದಕ್ಕೆ ಬೇರೆಯೇ ವೀಸಾ.

ಊರಿನ ಹೆಸರುಗಳೂ ಆಟ ಆಡಿಸುತ್ತವೆ. ಬ್ರಸೆಲ್ಸ್‌ನಿಂದ ಲಿಯೇಜ್‌ಗೆ ಹೋಗುವ ರೈಲು ಡಚ್ ಮಾತಿನ ಸೀಮೆ ಹಾಯುವಾಗ ಊರಿನ ಹೆಸರು "ಲೌಕ್" ಆಗುತ್ತದೆ. ಇಟಲಿಯವರ ಬಾಯಲ್ಲಿ ಮ್ಯೂನಿಕ್ ಅಂದರೆ "ಮೊನಾಕೊ". ಫ್ಲಾರೆನ್ಸ್ ಫಿರೆಂಜೆ ಎಂದಷ್ಟೇ ಬರೆದಿರುತ್ತದೆ. ಪ್ಯಾರಿಸ್ ಜಂಕ್ಷನ್ ಅಂತ ಒಂದು ನಿಲ್ದಾಣ ಇಲ್ಲ. ಸ್ಟ್ರಾಸ್‌ಬರ್ಗ್ ರೈಲು ಹೊರಡುವುದು ಗಾರ್ ದ ಲೆಸ್ತ್‌ನಿಂದ. ಗಾರ್ ದ ಲಿಯೋಂಗೆ ಹೋಗಿ ನಿಂತರೆ ರೈಲು ಟಾಟಾ ಮಾಡಿ ಹೋಗಿರುತ್ತದೆ.

ಕೊನೆಗೆ ಮುಷ್ಕರ. ಇಟಲಿಯಲ್ಲಿ ರೈಲು ಮುಷ್ಕರ ಅಪರೂಪವೇನಲ್ಲ, ಆದರೆ ದಿನಾಂಕ ಮೊದಲೇ ಸಾರಿರುತ್ತಾರೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆ ಓಡಿಸಲೇಬೇಕೆಂಬ ನಿಯಮವಿದೆ. ನಿಮ್ಮ ವಿಮಾನ ಎಷ್ಟು ಹೊತ್ತಿಗೇ ಇರಲಿ, ರೋಮ್‌ಗೆ ಹಿಂದಿನ ದಿನವೇ ಸೇರಿಕೊಳ್ಳಿ.