ನಿವ್ವಳ ವಲಸೆ ಇಳಿಯಿತು ಎಂದರೆ ಏನು ಇಳಿದ ಹಾಗೆ?

ವಲಸೆಯ ಬಗ್ಗೆ ಚರ್ಚೆ ಏರ್ಪಡಿಸುವವರು ಜನಸಂಖ್ಯಾ ತಜ್ಞರನ್ನು ಕೇಳುವುದು ಒಂದೇ ಒಂದು ಸಂಖ್ಯೆ. ಪರದೆಯ ಮೇಲೆ ದಪ್ಪಕ್ಷರದಲ್ಲಿ ಹಾಕಲು ಬರುವಂಥದ್ದು. ಹಾಗಾಗಿ ಸದಾ ನಿವ್ವಳ ವಲಸೆಯೇ ಮುಂದೆ ಬರುತ್ತದೆ. ಬಂದವರಲ್ಲಿ ಹೋದವರನ್ನು ಕಳೆದರೆ ಉಳಿಯುವುದೇ ನಿವ್ವಳ. ಇಷ್ಟು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೂ ಅದು ಏರಿದ ಕೂಡಲೇ ಒಬ್ಬರು ‘ಬಾಗಿಲು ಹಾರುಹೊಡೆದಿದೆ’ ಎನ್ನುತ್ತಾರೆ, ಇಳಿದ ಕೂಡಲೇ ಇನ್ನೊಬ್ಬರು ‘ನಮ್ಮ ಬಿಗಿ ಕ್ರಮ ಫಲ ಕೊಟ್ಟಿತು’ ಎನ್ನುತ್ತಾರೆ. ಕಳೆಯುವ ಸಂಖ್ಯೆಯ ಕಡೆಗೆ ಇಬ್ಬರೂ ತಿರುಗಿ ನೋಡುವುದಿಲ್ಲ.

ಒಂದು ಲೆಕ್ಕ ಮಾಡೋಣ. ಪೆನ್ನು ಹಿಡಿದೇ ಓದಿ. ಒಂದು ದೇಶಕ್ಕೆ ವರ್ಷಕ್ಕೆ 1,000 ವಿದ್ಯಾರ್ಥಿಗಳು ಬರುತ್ತಾರೆ ಎಂದುಕೊಳ್ಳಿ. ಮೂರು ವರ್ಷದ ಕೋರ್ಸು ಮುಗಿಸಿ ಅವರಲ್ಲಿ 800 ಮಂದಿ ಮರಳುತ್ತಾರೆ, 200 ಮಂದಿ ಅಲ್ಲೇ ನಿಲ್ಲುತ್ತಾರೆ. ಯೋಜನೆ ಶುರುವಾದ ಮೊದಲ ಮೂರು ವರ್ಷ ಯಾರೂ ಹೊರಡುವುದಿಲ್ಲ, ನಿವ್ವಳ ತಲಾ 1,000. ನಾಲ್ಕನೇ ವರ್ಷ ಮೊದಲ ತಂಡ ಹೊರಟಿತು, ನಿವ್ವಳ 200ಕ್ಕೆ ಕುಸಿಯಿತು. ಕಾನೂನು ಬದಲಾಗಿಲ್ಲ, ಬರುವವರೂ ಕಡಿಮೆಯಾಗಿಲ್ಲ.

ಹೀಗೇ ಕೆಲವು ವರ್ಷ ನಡೆದ ಮೇಲೆ ಎರಡು ವರ್ಷ ಗಡಿ ಮುಚ್ಚಿತು ಅನ್ನಿ. ಹಿಂದೆ ಬಂದವರು ಹೊರಡುತ್ತಲೇ ಇರುತ್ತಾರೆ, ಹೊಸಬರಿಲ್ಲ: ನಿವ್ವಳ ಎರಡೂ ವರ್ಷ ಮೈನಸ್ 800. ಗಡಿ ತೆರೆದ ವರ್ಷ ಮತ್ತೆ ಅದೇ 1,000 ಮಂದಿ ಬರುತ್ತಾರೆ, 800 ಮಂದಿ ಹೋಗುತ್ತಾರೆ, ನಿವ್ವಳ 200. ಅದರ ಮರುವರ್ಷ? ಆಗ ಹೊರಡಬೇಕಾಗಿದ್ದವರು ಗಡಿ ಮುಚ್ಚಿದ್ದಾಗ ಬರಬೇಕಾಗಿದ್ದವರು. ಅವರು ಬಂದೇ ಇಲ್ಲ, ಹೊರಡುವುದೆಲ್ಲಿಂದ? ನಿವ್ವಳ 1,000. ಅದರ ಮುಂದಿನ ವರ್ಷವೂ 1,000. ಐದು ಪಟ್ಟು ಏರಿಕೆ ಎಂದು ಗದ್ದಲವೇಳುವುದು ಇಲ್ಲಿ. ಮೂರನೇ ವರ್ಷ ಅದು ತಾನಾಗಿಯೇ 200ಕ್ಕೆ ಇಳಿಯುತ್ತದೆ, ಆಗ ಯಾವ ಸಚಿವರು ಕುರ್ಚಿಯಲ್ಲಿದ್ದರೋ ಅವರಿಗೆ ಶ್ರೇಯ ಸಿಗುತ್ತದೆ.

ನಿಜ ಜೀವನದಲ್ಲಿ ಲೆಕ್ಕ ಇಷ್ಟು ನೇರ್ಪಾಗಿರುವುದಿಲ್ಲ, ಗಡಿ ತೆರೆದಾಗ ತಡೆದುಕೊಂಡಿದ್ದವರೂ ಸೇರಿ ಬರುತ್ತಾರೆ. ಆಸ್ಟ್ರೇಲಿಯಾ 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿತು; 2020-21ರಲ್ಲಿ ನಿವ್ವಳ ಸೊನ್ನೆಗಿಂತ ಕೆಳಗಿಳಿಯಿತು. 2022-23ಕ್ಕೆ 5.36 ಲಕ್ಷ ಮುಟ್ಟಿತು, ಮರುವರ್ಷ 4.46 ಲಕ್ಷ (2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಂಕಿ). ಒಳಗೆ ಬಗೆದು ನೋಡಿದರೆ ಬಂದವರು 7.39 ಲಕ್ಷದಿಂದ 6.67 ಲಕ್ಷಕ್ಕೆ ಇಳಿದಿದ್ದಾರೆ, ಹೋದವರು 2.04 ಲಕ್ಷದಿಂದ 2.21 ಲಕ್ಷಕ್ಕೆ ಏರಿದ್ದಾರೆ. ಇಳಿಕೆಯ ಸುಮಾರು ಐದನೇ ಒಂದು ಪಾಲು ಹೊರಟವರಿಂದಲೇ ಬಂದದ್ದು. ನೀತಿಯ ಪಾತ್ರ ಇಲ್ಲವೆಂದಲ್ಲ. ಬ್ರಿಟನ್ 2024ರ ಜನವರಿಯಿಂದ ಬಹುಪಾಲು ವಿದೇಶಿ ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವುದಕ್ಕೆ ತಡೆ ಹಾಕಿದ್ದು ಬರುವವರ ಸಂಖ್ಯೆಯಲ್ಲಿ ಸ್ಪಷ್ಟವಾಗಿ ಕಂಡಿತು. ಆದರೆ ಯಾವ ಪಾಲು ನೀತಿಯದು, ಯಾವುದು ಹಳೆಯ ತಂಡ ಹೊರಟದ್ದು ಎಂಬುದನ್ನು ನಿವ್ವಳ ಒಂದನ್ನೇ ನೋಡಿ ಹೇಳುವುದು ಯಾರಿಂದಲೂ ಆಗದು.

ಇನ್ನೊಂದು ತೊಡಕು. ವಿಶ್ವಸಂಸ್ಥೆ ಬಹುಕಾಲ ಶಿಫಾರಸು ಮಾಡಿದ ಅಳತೆಯಂತೆ, ವಾಸದ ದೇಶವನ್ನು ಕನಿಷ್ಠ 12 ತಿಂಗಳಿಗೆ ಬದಲಿಸಿದವರು ದೀರ್ಘಾವಧಿ ವಲಸಿಗರು. ಆಸ್ಟ್ರೇಲಿಯಾ 16 ತಿಂಗಳಲ್ಲಿ ಒಟ್ಟು 12 ತಿಂಗಳು ಇದ್ದರೆ ಸಾಕು ಎನ್ನುತ್ತದೆ. ಅಂದರೆ ಈ ಜೂನ್‌ನಲ್ಲಿ ಇಳಿದವರನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದು ಮುಂದಿನ ಜೂನ್‌ವರೆಗೆ ಖಚಿತವಾಗುವುದಿಲ್ಲ. ಅಲ್ಲಿಯವರೆಗೆ ಪ್ರಕಟವಾಗುವುದೆಲ್ಲ ಅಂದಾಜು. 2023ರ ಜೂನ್‌ಗೆ ಕೊನೆಗೊಂಡ ವರ್ಷಕ್ಕೆ ಬ್ರಿಟನ್ನಿನ ಅಂಕಿಅಂಶ ಕಚೇರಿ ಮೊದಲು ಕೊಟ್ಟದ್ದು 6.72 ಲಕ್ಷ, ಒಂದು ವರ್ಷದ ನಂತರ ಅದನ್ನೇ 9.06 ಲಕ್ಷಕ್ಕೆ ತಿದ್ದಿತು. ಇದರಲ್ಲಿ ಮೋಸ ಹುಡುಕುವವರ ಜೊತೆ ವಾದಿಸಿ ಸಾಕಾಗುತ್ತದೆ. ಪೂರ್ಣ ದತ್ತಾಂಶ ಕೈಗೆ ಬಂದಂತೆ ಅಂದಾಜು ತಿದ್ದುವುದು ಆ ಕಚೇರಿಯ ಕರ್ತವ್ಯ. ತಪ್ಪು ಮಾಡುವವರು ಹಳೆಯ ಸಂಖ್ಯೆಯನ್ನು ಎರಡು ವರ್ಷವಾದರೂ ಉಜ್ಜುತ್ತಿರುವವರು. ಅಂಕಿ ಉಲ್ಲೇಖಿಸುವಾಗ ಅದು ಪ್ರಕಟವಾದ ತಿಂಗಳನ್ನೂ ಪಕ್ಕದಲ್ಲಿ ಬರೆಯಿರಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ದೇಶದಲ್ಲಿ ಒಟ್ಟು ಎಷ್ಟು ವಲಸಿಗರಿದ್ದಾರೆ ಎಂಬುದು ಬೇರೆಯದೇ ಪ್ರಶ್ನೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ 16.8ರಷ್ಟು ಜನ ಬ್ರಿಟನ್ನಿನ ಹೊರಗೆ ಹುಟ್ಟಿದವರು. ಬ್ರಿಟನ್ನಿನದಲ್ಲದ ಪಾಸ್‌ಪೋರ್ಟ್ ಮಾತ್ರ ಇದ್ದವರು ಸುಮಾರು ಶೇ 10. ಮೊದಲನೆಯ ಗುಂಪಿನಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಬೋರಿಸ್ ಜಾನ್ಸನ್ ಕೂಡ ಸೇರುತ್ತಾರೆ. ಫ್ರಾನ್ಸ್‌ನಲ್ಲಾದರೆ, ಹೊರದೇಶದಲ್ಲಿ ಹುಟ್ಟಿದರೂ ಹುಟ್ಟಿನಿಂದಲೇ ಫ್ರೆಂಚ್ ಪ್ರಜೆಯಾದವರು ವಲಸಿಗರ ಲೆಕ್ಕಕ್ಕೆ ಬರುವುದಿಲ್ಲ. ಎರಡು ದೇಶಗಳ ಶೇಕಡಾವಾರನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಕೆನಡಾದ ಚರ್ಚೆ ಬಹಳ ವರ್ಷ ದಾರಿ ತಪ್ಪಿದ್ದು ಮತ್ತೊಂದು ರೀತಿಯಲ್ಲಿ. 1971ರಲ್ಲಿ ಬಹುಸಂಸ್ಕೃತಿಯನ್ನು ಅಧಿಕೃತ ನೀತಿಯಾಗಿ ಸಾರಿ, 1988ರಲ್ಲಿ ಅದಕ್ಕೆ ಕಾಯ್ದೆಯನ್ನೂ ತಂದ ದೇಶ ಅದು. ಸರ್ಕಾರ ವರ್ಷವರ್ಷ ತನ್ನ ವಲಸೆ ಯೋಜನೆಯಲ್ಲಿ ಘೋಷಿಸುತ್ತಿದ್ದುದು ಕಾಯಂ ನಿವಾಸಿಗಳ ಗುರಿಯನ್ನು, ಅಂದರೆ ಎಷ್ಟು ಮಂದಿಗೆ ಕಾಯಂ ವಾಸದ ಅನುಮತಿ ಕೊಡಬೇಕು ಎಂಬುದನ್ನು; ಟೀಕೆ ಸಮರ್ಥನೆ ಎರಡೂ ಅದರ ಸುತ್ತಲೇ. ವಿದ್ಯಾರ್ಥಿಗಳು, ತಾತ್ಕಾಲಿಕ ಕೆಲಸಗಾರರು ಆ ಯೋಜನೆಯ ಹೊರಗೇ ಬೆಳೆಯುತ್ತಿದ್ದರು. ಅವರಿಗೂ ಗುರಿ ನಿಗದಿಯಾದದ್ದು 2024ರಲ್ಲಿ. ಅದೇ ಯೋಜನೆಯಲ್ಲಿ 2025ರ ಕಾಯಂ ನಿವಾಸಿಗಳ ಗುರಿ 3,95,000. ಅವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಆಗಲೇ ದೇಶದೊಳಗೆ ಇರುವವರು ಎಂದು ಸರ್ಕಾರವೇ ಹೇಳಿತ್ತು. ಅಂಥವರು ವಿಮಾನದಿಂದ ಇಳಿದು ಹೊಸದಾಗಿ ಮನೆ ಹುಡುಕುವವರಲ್ಲ.

ಇನ್ನು ‘ಇಷ್ಟು ಜನ ಬಂದರೆ ಸಮಾಜ ಒಗ್ಗೂಡಿ ಬಾಳಲು ಸಾಧ್ಯವೇ’ ಎಂಬ ಪ್ರಶ್ನೆ. ನ್ಯಾಯವಾದ ಪ್ರಶ್ನೆ, ಕೇಳಿದವರನ್ನು ಗದರಿಸಬಾರದು. ಆದರೆ ನಿವ್ವಳದಲ್ಲಿ ಅದಕ್ಕೆ ಉತ್ತರವಿಲ್ಲ. ಹೊರಟವನು ಒಂದು ನಗರದ ಹಾಸ್ಟೆಲ್ ಕೋಣೆ ಖಾಲಿ ಮಾಡಿದ, ಬಂದವಳು ಮಕ್ಕಳ ಸಮೇತ ಇನ್ನೊಂದು ಊರಿನಲ್ಲಿ ಮನೆ ಹಿಡಿದಳು. ನಿವ್ವಳಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಆ ಊರಿನ ಶಾಲೆಗೆ ಗೊತ್ತಾಗುತ್ತದೆ. ಭಾಷೆಯ ಬಗ್ಗೆ ಆತಂಕವಿದ್ದರೆ ಜನಗಣತಿಯ ಭಾಷಾ ಕೋಷ್ಟಕ ತೆಗೆಯಿರಿ: 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಗ್ಲಿಷ್ ಚೆನ್ನಾಗಿ ಬಾರದವರು ಸುಮಾರು 8.8 ಲಕ್ಷ, ಏನೇನೂ ಬಾರದವರು 1.61 ಲಕ್ಷ. ತರಗತಿ ನಡೆಸಬೇಕಾದದ್ದು ಇವರಿಗೆ, ಎಲ್ಲಿ ಎಂಬುದೂ ಕೋಷ್ಟಕದಲ್ಲೇ ಸಿಗುತ್ತದೆ. ಜನ ಬೇರೆಬೇರೆ ಬಡಾವಣೆಗಳಲ್ಲಿ ಗುಂಪುಗೂಡುತ್ತಿದ್ದಾರೆಯೇ ಎಂದು ತಿಳಿಯಲು ಭಿನ್ನತಾ ಸೂಚ್ಯಂಕವಿದೆ (index of dissimilarity). ಎಲ್ಲ ಬಡಾವಣೆಗಳಲ್ಲೂ ಒಂದೇ ಪ್ರಮಾಣ ಬರಬೇಕಾದರೆ ಒಂದು ಗುಂಪಿನ ಶೇಕಡ ಎಷ್ಟು ಜನ ಮನೆ ಬದಲಿಸಬೇಕು ಎಂಬುದನ್ನು ಅದು ಹೇಳುತ್ತದೆ. ಬಳಸುವಾಗ ಒಂದು ಎಚ್ಚರ ಬೇಕು: ಬಡಾವಣೆಯ ಗಡಿಯನ್ನು ಚಿಕ್ಕದಾಗಿ ಎಳೆದಷ್ಟೂ ಸೂಚ್ಯಂಕ ಸಾಮಾನ್ಯವಾಗಿ ಏರುತ್ತದೆ. ಹತ್ತು ವರ್ಷದ ಹಿಂದಿನದರ ಜೊತೆ ಹೋಲಿಸುವುದಾದರೆ ಎರಡಕ್ಕೂ ಅದೇ ಗಡಿಗಳನ್ನು ಬಳಸಿದ್ದಾರೆಯೇ ಎಂದು ಮೊದಲು ಕೇಳಿ.